ಅಳಿಸಿಹೋದ ಹನ್ನೊಂದನೇ ಕಂಬ

೯ ಆಗಸ್ಟ್ ೨೦೦೭, ಗುರುವಾರ

ಮತ್ತೆ ಅದೇ ಕಥೆ, ರಂಜನಾ ಕಾಕು ಇವತ್ತೂ ಪಾಠದ ಕೋಣೆ ಬಿಟ್ಟು ಏಳಲಿಲ್ಲ. ಸದಾಶಿವ ಪೇಠದ ಆ ಮನೆಗೆ ನಾನು ಹೋಗುವುದು ಅವರ ಮಗಳು ನೀತಾಗೆ ಗಣಿತ ಹೇಳಿಕೊಡಲಿಕ್ಕೆ. ಆದರೆ ಉತ್ತರ ಕೊಡುವವರು ಕಾಕು, ಪಕ್ಕದಲ್ಲೇ ಕೂತು ಮೆಂತೆ ಸೊಪ್ಪು ಬಿಡಿಸುತ್ತಾ.

ಇವತ್ತಿನದು ನಮ್ಮ ಆರ್ಕುಟ್ ಒಗಟಿನ ಗ್ರೂಪಿನ ಲೆಕ್ಕ, ನನಗೆ ಪ್ರಾಣ. ಇಪ್ಪತ್ತು ಮೀಟರ್ ರಸ್ತೆ, ಎರಡು ಮೀಟರಿಗೊಂದು ಕಂಬ, ಎರಡೂ ತುದಿಗೆ ಕಂಬ ಇರಲೇಬೇಕು. ಒಟ್ಟು ಎಷ್ಟು? ನೀತಾ ಸುಮ್ಮನೆ ಪುಟ್ಟ ಪುಟ್ಟ ಕಂಬ ಎಳೆದು ಎಣಿಸಿದಳು. ಹನ್ನೊಂದು! ನನಗೆ ಎದ್ದು ಕುಣಿಯಬೇಕು ಅನ್ನಿಸಿತು.

"ಹತ್ತು ಬರಿ," ಅಂದರು ಕಾಕು.

"ಕಾಕು, ಆಕೀನ ಹೇಳ್ಲಿ ಬಿಡ್ರಿ."

"ನಾ ಎಲ್ಲಿ ಹೇಳೀನ್ರಿ ಸರ್? ಎರಡು ಹತ್ಲೆ ಇಪ್ಪತ್ತು. ಇಷ್ಟಕ್ಕ ಚಿತ್ರಾ ಬೇಕೇನು?"

ನೀತಾ ರಬ್ಬರ್ ತೆಗೆದುಕೊಂಡು ಕೊನೆಯ ಕಂಬ ಅಳಿಸಿಬಿಟ್ಟಳು. ನಿನ್ನದೇ ಸರಿ ಅಂತ ನಾನು ಎಷ್ಟು ಹೇಳಿದರೂ ತಾಯಿಯ ಮುಖ ನೋಡಿದಳೇ ಹೊರತು ಆ ಕಂಬವನ್ನು ಮತ್ತೆ ಎಳೆಯಲಿಲ್ಲ.

ನಾನು ಚಪ್ಪಲಿ ಹಾಕಿಕೊಳ್ಳುವಾಗ ಕಾಕು ಅಂತಾರೆ, "ಇಕೀಗೆ ಸ್ವಂತ ಒಂದ್ ಲೆಕ್ಕಾನೂ ಬರವಲ್ದು. ಸೋಮವಾರದ ಟೆಸ್ಟಿನಾಗೂ ಹಿಂಗ ಆದ್ರ ಬ್ಯಾರೆ ಸರ್ ನೋಡ್ತೀವಿ, ನೋಡ್ರಿ."

ಗ್ರೂಪಿನ ಶಾಣ್ಯಾರೇ, ನಡುವೆ ಉತ್ತರ ಒದರಿದವರನ್ನು ನಾವು ಆ ಕ್ಷಣವೇ ಹೊರಗೆ ಹಾಕುತ್ತೇವೆ. ಒಬ್ಬ ತಾಯಿಯನ್ನು ಅವಳದೇ ಮನೆಯ ಕೋಣೆಯಿಂದ ಎಬ್ಬಿಸುವುದು ಹೇಗೆ? ಇದನ್ನು ಬಿಡಿಸುವ ಗಂಡೆದೆ ಯಾರಿಗಿದೆ?