ಚಕ್ಕೆ ಡಾಕ್ಟರ್

ಮಾರ್ಚ್ 3, ಬೆಳಿಗ್ಗೆ 6.10

ಖಾಲಿ ಹೊಟ್ಟೆಯ ಸಕ್ಕರೆ — 128. ಚಕ್ಕೆ ನೀರು ಒಂದು ಲೋಟ, ನೆನೆಸಿದ ಮೆಂತ್ಯ ಒಂದು ಚಮಚ. ಆಮೇಲೆ ಮಾತ್ರೆ. ಮಾತ್ರೆಯ ವಿಷಯ ಈ ಪುಸ್ತಕಕ್ಕೆ ಮತ್ತು ಗಂಡನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಲಾಂಡ್ರಿಯಲ್ಲಿ ಹೇಳಿರುವುದೇ ಬೇರೆ. 260 ಇತ್ತು, ಬರೀ ಚಕ್ಕೆಯಲ್ಲಿ ಇಳಿಸಿದೆ ಎಂದು. ಮೊದಲ ಸಲ ಸುಮ್ಮನೆ ಬಾಯಿಗೆ ಬಂತು. ಡೆಲಿವರಿಯವನು "ಚಕ್ಕೆ ಡಾಕ್ಟರ್" ಎಂದು ಹೆಸರಿಟ್ಟ. ಹದಿನೇಳು ವರ್ಷ ಬಟ್ಟೆಗೆ ಚೀಟಿ ಪಿನ್ ಮಾಡಿದ್ದೇನೆ, ಯಾರೂ ನನ್ನನ್ನು ಏನೂ ಕೇಳಿದವರಲ್ಲ. ಈಗ ಮಾಲೀಕರ ಹೆಂಡತಿಯೂ ಪಕ್ಕಕ್ಕೆ ಕರೆದು ಕೇಳುತ್ತಾರೆ. ಹಿತವಾಗಿದೆ. ನಾಚಿಕೆಯೂ ಆಗುತ್ತದೆ.

ಮಾತ್ರೆ ನುಂಗುವಾಗ ಗಂಡ ನಕ್ಕ. "ದುಡಿಯೋದು ಮಾತ್ರೆ, ಸನ್ಮಾನ ಚಕ್ಕೆಗೆ!"

ಮಾರ್ಚ್ 9

ಊಟದ ಹೊತ್ತಿಗೆ ಇಸ್ತ್ರಿ ಅಕ್ಕ ಪಕ್ಕದಲ್ಲಿ ಬಂದು ಕೂತಳು. ನನಗಿಂತ ಹತ್ತು ವರ್ಷ ದೊಡ್ಡವಳು. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ.

"ಮಾತ್ರೆ ತಗೊಂಡ್ರೆ ಹೊಟ್ಟೆ ಕಿವುಚುತ್ತೆ ಕಣೇ. ಬಿಟ್ಬಿಡ್ಲಾ? ನಿಂಗೆ ವಾಸಿಯಾದ್ದು ನಂಗಾಗಲ್ವಾ?"

ಆಗಲೇ ಹೇಳಬಹುದಿತ್ತು. ಡೆಲಿವರಿಯವನು, ಒಗೆಯುವ ಇಬ್ಬರು — ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಡಾಕ್ಟರನ್ನ ಕೇಳಕ್ಕಾ" ಎಂದೆ.

"ಕೇಳ್ತಿದೀನಲ್ಲ, ನಿನ್ನನ್ನೇ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಕ್ಕೆ ಎಷ್ಟು, ನೀರು ಎಷ್ಟು ಎಂದು ಚೀಟಿಯ ಹಿಂದೆ ಬರೆದುಕೊಟ್ಟೆ. ದುಂಡಗಿನ ಅಕ್ಷರದಲ್ಲಿ.

ಮಾರ್ಚ್ 24

ಮಾತ್ರೆ ಬಿಟ್ಟು ಹದಿನೈದು ದಿನ, ಅಕ್ಕ ಇಳಿದುಹೋಗಿದ್ದಾಳೆ. ಗಳಿಗೆಗೊಂದು ಸಲ ನೀರು, ಗಳಿಗೆಗೊಂದು ಸಲ ಬಾತ್‌ರೂಮು. ಬೆರಳಲ್ಲಿ ಉಂಗುರ ಗರಗರ ತಿರುಗಿಸಿ ತೋರಿಸಿದಳು. "ನೋಡೇ, ಚಕ್ಕೆ ಹೆಂಗೆ ಕೆಲಸ ಮಾಡ್ತಿದೆ!"

ಅದು ಏನೆಂದು ನನಗೆ ಗೊತ್ತು. ಸಕ್ಕರೆ ಏರಿದಾಗ ನಾನೂ ಹೀಗೇ ಇಳಿದಿದ್ದೆ. "ಒಂದ್ಸಲ ಟೆಸ್ಟ್ ಮಾಡ್ಸಕ್ಕಾ" ಎಂದೆ. "ತಿಂಗಳು ತುಂಬ್ಲಿ ತಡಿ" ಎಂದಳು. ಒತ್ತಾಯ ಮಾಡಲಿಲ್ಲ. ಮಾಡಿದರೆ ಯಾಕೆ ಎಂದು ಕೇಳುತ್ತಾಳೆ...

ಏಪ್ರಿಲ್ 11

ಹದಿನೆಂಟು ದಿನ ಪುಸ್ತಕ ಮುಟ್ಟಿಲ್ಲ. ಧೈರ್ಯ ಬರಲಿಲ್ಲ.

ಇಂದು ಹನ್ನೊಂದಕ್ಕೆ ಸುಟ್ಟ ವಾಸನೆ. ಲಾಂಡ್ರಿಯಲ್ಲಿ ಸುಟ್ಟ ವಾಸನೆ ಬಂದರೆ ಎಲ್ಲರ ಕಣ್ಣೂ ಬಟ್ಟೆಗೆ. ಮಾಲೀಕರು ಎದ್ದುಬಿದ್ದು ಓಡಿ ಬಂದರು. ರಾಶಿಯೆಲ್ಲ ಮಗುಚಿದೆವು. ಅಂಗಿ, ಪ್ಯಾಂಟು, ಹೋಟೆಲಿನ ಬೆಡ್‌ಶೀಟು — ಒಂದೊಂದನ್ನೂ ಬೆಳಕಿಗೆ ಹಿಡಿದೆವು. ಅಕ್ಕನೂ ನಿಂತಲ್ಲೇ ನಿಂತು ಹುಡುಕುತ್ತಿದ್ದಳು. "ನಂದ್ಯಾವ್ದೂ ಸುಟ್ಟಿಲ್ಲ ಸಾರ್, ಬೇಕಾದ್ರೆ ನೋಡಿ."

ಡೆಲಿವರಿಯವನು ಮೇಜಿನಡಿ ಬಗ್ಗಿದ. ಅಲ್ಲಿ ಹಬೆಯ ಪೈಪಿದೆ. ಅಕ್ಕನ ಎಡಗಾಲು ಅದಕ್ಕೆ ಒತ್ತಿಕೊಂಡಿತ್ತು. ಚಪ್ಪಲಿ ಕರಗಿ ಬೆರಳಿಗೆ ಅಂಟಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ನೋಡಿದಾಗ ಸಕ್ಕರೆ 430. ಪಾದಕ್ಕೆ ಸ್ಪರ್ಶವೇ ಇಲ್ಲವಂತೆ.

ಏಪ್ರಿಲ್ 14, ಸಂಜೆ

ಎರಡು ಬೆರಳು ಕಪ್ಪಾಗಿವೆ. ಸಕ್ಕರೆ ಇಳಿದರೆ ಬೆರಳು ಕತ್ತರಿಸಿದರೆ ಮುಗಿಯುತ್ತದೆ, ಇಲ್ಲದಿದ್ದರೆ ಪಾದವೇ ಹೋಗಬಹುದು ಎಂದರು ಡಾಕ್ಟರು. ಅಕ್ಕ ಇನ್ಸುಲಿನ್ ಬೇಡವೇ ಬೇಡ ಎಂದು ಹಟ ಹಿಡಿದಿದ್ದಾಳೆ. ನನ್ನನ್ನು ಕಂಡದ್ದೇ ಮುಖ ಅರಳಿತು.

"ಬಂದ್ಯಾ! ನೀನೇ ಹೇಳು ಇವ್ರಿಗೆ. ತಪ್ಪು ನಂದೇ ಕಣೇ, ಎರಡು ಭಾನುವಾರ ಕುಡಿಯೋದು ಮರ್ತುಬಿಟ್ಟೆ. ನಾಳೆ ಗಟ್ಟಿಯಾಗಿ ಕುದಿಸ್ಕೊಂಡು ಬಾ. ಹಾಗಲಕಾಯಿ ರಸಾನೂ ತಾ."

ಡಾಕ್ಟರು ನನ್ನತ್ತ ತಿರುಗಿದರು. "ನೀವು ಮಾತ್ರೆ ಏನೂ ತಗೊಳ್ತಿಲ್ವಾ?"

ಬಾತ್‌ರೂಮ್ ಎಲ್ಲಿದೆ ಎಂದು ಕೇಳಿ ಹೊರಗೆ ಬಂದೆ. ಹಾಗೇ ಬಸ್ಸು ಹತ್ತಿಬಿಟ್ಟೆ. ಥೂ ನನ್ನ ಜನ್ಮಕ್ಕೆ.

ಏಪ್ರಿಲ್ 15, ಸಂಜೆ 4.30

ಹೇಳಿದೆ.

"ಅಕ್ಕಾ, ನಾನು ದಿನಾ ಮಾತ್ರೆ ತಗೋತೀನಿ. ಎರಡು."

"ಈಗೀಗಾ?"

"ಮೊದಲಿಂದ್ಲೂ."

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ತೋಳು ಮೇಲೆ ಸರಿಸಿ ನರ್ಸನ್ನು ಕರೆದಳು. ಸೂಜಿ ಚುಚ್ಚುವಾಗ ಕೈ ಹಿಡಿದುಕೊಳ್ಳಲು ಹೋದೆ — ಎಳೆದುಕೊಂಡಳು.

ಐದಕ್ಕೆ ಲಾಂಡ್ರಿಯವರೆಲ್ಲ ಬರ್ತಾರೆ ಎಂದೆ. ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಅವ್ರ ಮುಂದೆ ನಿನ್ನ ಹೆಸರು ಎತ್ತಲ್ಲ. ಕಾಲು ನೋಡ್ಕೊಳ್ಲಿಲ್ಲ ಅಂತೀನಿ. ನೀನು ಇನ್ನು ಬರ್ಬೇಡ."

ಅಂದರೆ ನಾಳೆಯೂ ನಾನು ಚಕ್ಕೆ ಡಾಕ್ಟರ್. ಒಗೆಯುವವರಲ್ಲಿ ಒಬ್ಬಳ ತಾಯಿಗೆ ಹೋದ ವಾರ ಸಕ್ಕರೆ ಬಂದಿದೆಯಂತೆ. ಅವಳೂ ಕೇಳುತ್ತಾಳೆ.

ಆಸ್ಪತ್ರೆಯ ಗೇಟಿನ ಬೆಂಚಿನ ಮೇಲೆ ಕೂತಿದ್ದೇನೆ. ಹೋಗಿಬಿಡಬಹುದು, ಬಸ್ಸು ನಿಂತಿದೆ... ವ್ಯಾನ್ ಬಂತು. ಎಲ್ಲರೂ ಇಳಿಯುತ್ತಿದ್ದಾರೆ. ಡೆಲಿವರಿಯವನು ಕೈ ಬೀಸುತ್ತಿದ್ದಾನೆ. ಏಳಬೇಕು. ಒಳಗೆ ಹೋಗುವ ಮೊದಲೇ, ಇಲ್ಲೇ, ಎಲ್ಲರನ್ನೂ ನಿಲ್ಲಿಸಿ ಮಾತ್ರೆಯ ವಿಷಯ ಹೇಳಿಬಿಡುತ್ತೇನೆ.