ಹೊಸ ಕಡ್ಡಿಯ ಹಣ್ಣು

ಜೂನ್ ೮, ಸೋಮವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ಕಾಗದ ಮೊನ್ನೆ ಶನಿವಾರ ಕೈಸೇರಿತು. ಬರುವ ಶನಿವಾರದ ಬಸ್ಸಿಗೆ ಹೊರಡುತ್ತೇನೆ ಎಂದಿದ್ದೀಯ. ಹೊರಡಬೇಡ. ಟಿಕೆಟ್ ತೆಗೆದಿದ್ದರೆ ಹರಿದು ಹಾಕು. ಚಿಕ್ಕಮ್ಮನ ಮನೆಯಲ್ಲೇ ಇರು.

ಹೋದ ತಿಂಗಳ ಕಾಗದದಲ್ಲಿ ಅಕ್ಷರ ನನ್ನದು, ಮಾತು ಅಪ್ಪನದು. ನನ್ನ ಜಡೆಯನ್ನು ಕೈಗೆ ಸುತ್ತಿಕೊಂಡು, ಹಿಂದೆ ನಿಂತು ಒಂದೊಂದು ಸಾಲನ್ನೂ ಬರೆಸಿದ. ಕುಡಿತ ಬಿಟ್ಟಿದ್ದಾನೆ, ಮರದ ಮಿಲ್ಲಿನಿಂದ ನೇರ ಮನೆಗೆ ಬರುತ್ತಾನೆ, ನಿನ್ನ ಮೊಣಕೈ ಮುರಿದದ್ದಕ್ಕೆ ದಿನವೂ ಅಳುತ್ತಾನೆ, ಎಲ್ಲ ಸುಳ್ಳು. ಈ ಮನೆಯಲ್ಲಿ ಅಳುವವರು ಯಾರು ಎಂದು ಗೋಡೆಯಾಚೆಯ ಟೈಲರಮ್ಮನಿಗೆ ಗೊತ್ತು.

ನೀನು ಹೋದ ಮರುದಿನವೇ ಹಿತ್ತಲಿನ ಬೀನ್ಸ್ ಬಳ್ಳಿಯ ಕೋಲುಗಳನ್ನು ಕಿತ್ತು, ಅವು ಮುರಿಯುವವರೆಗೆ ನನಗೆ ಹೊಡೆದ. ಟೊಮೇಟೊ ಸಾಲನ್ನು ಬೂಟುಗಾಲಿನಲ್ಲಿ ತುಳಿದ. ಎಲೆಕೋಸುಗಳನ್ನು ಸನಿಕೆಯಿಂದ ಸೀಳಿದ, ಒಂದೊಂದಕ್ಕೂ ನಿನ್ನನ್ನು ಬೈಯುತ್ತ. ಕೊನೆಗೆ ರಾಸ್ಬೆರಿ ಪೊದೆಯನ್ನು ಬುಡಕ್ಕೇ ಕಡಿದ.

ಆ ಬುಡದಿಂದ ಹೊಸ ಕಡ್ಡಿಗಳು ಎದ್ದವು. "ನಿಮ್ಮಮ್ಮಂಗೆ ಆ ಹಣ್ಣಂದ್ರೆ ಪ್ರಾಣ. ಹೊಸ ಕಡ್ಡಿ ತುಂಬಾ ಹಣ್ಣು ಬಿಟ್ಟಿದೆ ಅಂತ ಬರಿ, ಓಡಿ ಬರ್ತಾಳೆ" ಎಂದ. ನಾನು ಖುಷಿಯಿಂದಲೇ ಬರೆದೆ. ಹುಟ್ಟಿದ ವರ್ಷ ಕಡ್ಡಿಗೆ ಬರೀ ಎಲೆ, ಹಣ್ಣೇನಿದ್ದರೂ ಮರುವರ್ಷ ಎಂದು ನನಗೆ ಕಲಿಸಿದವಳು ನೀನು. ಆ ಸಾಲು ಓದಿದ ಕೂಡಲೇ ಸುಳ್ಳನ್ನು ಹಿಡಿಯುತ್ತೀಯ ಎಂದುಕೊಂಡಿದ್ದೆ. ನೀನು ನೋಡಿದರೆ, ಹಣ್ಣು ಸಿಹಿಯಾಗಿದೆಯಾ, ಹಕ್ಕಿ ಮುಟ್ಟದ ಹಾಗೆ ಬಲೆ ಹಾಕು ಎಂದು ಬರೆದಿದ್ದೀಯ. ಅಮ್ಮಾ, ಎಷ್ಟು ಆಸೆ ಇಟ್ಟುಕೊಂಡು ಓದಿದೆಯೋ!

ಅಪ್ಪ ನಿನ್ನ ಕಾಗದವನ್ನು ಎರಡು ಸಲ ಓದಿ, "ಬರ್ಲಿ, ಬರ್ಲಿ" ಎಂದ. ಅವತ್ತೇ ಪೊದೆಯ ಪಕ್ಕ ಗುಂಡಿ ತೋಡಲು ಶುರು ಮಾಡಿದ. ಗೊಬ್ಬರಕ್ಕೆ ಎಂದ. ನಮ್ಮ ಗೊಬ್ಬರದ ಗುಂಡಿ ಚೌಕಾಕಾರ, ಮಂಡಿಯಷ್ಟು ಆಳ. ಇದು ಉದ್ದಕ್ಕಿತ್ತು, ನನ್ನ ಸೊಂಟದವರೆಗೆ ಬರುತ್ತಿತ್ತು.

ನಿನ್ನೆ ಬೆಳಿಗ್ಗೆ ನನ್ನನ್ನು ಕರೆದ. "ನೀನೂ ನಿಮ್ಮಮ್ಮನಷ್ಟೇ ಉದ್ದ ಅಲ್ವೇನೇ? ಇಳಿ. ಮಲಕ್ಕೋ, ಅಳತೆ ನೋಡ್ಬೇಕು" ಎಂದ. ಇಳಿದು ಮಲಗಿದೆ. ಬೆನ್ನ ಕೆಳಗೆ ಬೇರು ಚುಚ್ಚುತ್ತಿತ್ತು. ಒಂದು ಸನಿಕೆ ಮಣ್ಣನ್ನು ಮುಖಕ್ಕೆ ಸುರಿದ. "ಕಾಲ್ಹತ್ರ ಇನ್ನೊಂದು ಗೇಣು ಬೇಕು" ಎಂದು ನಕ್ಕ.

ಆಮೇಲೆ ಅಂಚಿನಲ್ಲಿ ಕಾಲು ಜಾರಿ ತಾನೇ ಒಳಗೆ ಬಿದ್ದ. ಎರಡೂ ಮಂಡಿ ಮುರಿದಿವೆ. ಈಗ ಆಸ್ಪತ್ರೆಯಲ್ಲಿದ್ದಾನೆ. ಹೆಚ್ಚು ಬರೆಯುವಂಥದ್ದು ಏನೂ ಇಲ್ಲ.

ಹಾಗಾದರೆ ಈಗ ಬರಬಹುದಲ್ಲ ಎನ್ನಬೇಡ. ಬಂದರೆ ಊಟದ ಡಬ್ಬಿ ಹಿಡಿದು ಆಸ್ಪತ್ರೆಗೆ ಹೋಗುತ್ತೀಯ. ಅವನು ಅಳುತ್ತಾನೆ, ನೀನು ಕರಗುತ್ತೀಯ. ಮಂಡಿ ಕೂಡಿಕೊಳ್ಳುತ್ತದೆ. ಗುಂಡಿ ಅಲ್ಲೇ ಇರುತ್ತದೆ.

ಗುರುವಾರ ನಾನೇ ಹೊರಟು ಬರುತ್ತೇನೆ. ರಾಸ್ಬೆರಿಯ ಮೂರು ಬೇರುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ. ಚಿಕ್ಕಮ್ಮನ ಹಿತ್ತಲಲ್ಲಿ ಬಿಸಿಲು ಬೀಳುವ ಒಂದು ಮೂಲೆ ನೋಡಿಡು.

ಇಂತಿ, ನಿನ್ನ
ಪುಟ್ಟಿ

ಮತ್ತೆ: ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಮೊದಲ ಕಾಗದದಲ್ಲಿ ಸುಳ್ಳು ಬರೆದು ನಿನ್ನನ್ನು ಗುಂಡಿಯ ಅಂಚಿಗೆ ಕರೆದಿದ್ದೆ, ಇದರಲ್ಲೂ ಸುಳ್ಳು ಉಳಿಯುವುದು ಬೇಡ. ಅಪ್ಪ ಜಾರಲಿಲ್ಲ. ಗುದ್ದಲಿ ಗುಂಡಿಯೊಳಗೆ ನನ್ನ ಪಕ್ಕದಲ್ಲೇ ಇತ್ತು. ಎದ್ದು ನಿಂತು ಅದರ ಹಿಂಬದಿಯಿಂದ ಮಂಡಿಗೆ ಬೀಸಿದೆ. ಬಿದ್ದ. ಆಗಲೇ ಹತ್ತಿ ಓಡಿಹೋಗಬಹುದಿತ್ತು. ಓಡಲಿಲ್ಲ. ಎರಡನೇ ಮಂಡಿಗೆ ಹೊಡೆದಾಗ ಅವನು ಕೈಮುಗಿದು ಬೇಡುತ್ತಿದ್ದ. ಎತ್ತಿದ ನನ್ನ ಕೈ ಥೇಟ್ ಅವನ ಕೈಯ ಹಾಗೇ ಇತ್ತು, ಅಮ್ಮ. ಗುರುವಾರ ಸಂಜೆ ಬಾಗಿಲು ತಟ್ಟುತ್ತೇನೆ. ಇದನ್ನೆಲ್ಲ ಓದಿದ ಮೇಲೂ ನಿನಗೆ ತೆರೆಯಬೇಕು ಅನ್ನಿಸಿದರೆ ಮಾತ್ರ ತೆರೆ.