ಹಿಂಬಾಗಿಲು ಮುಚ್ಚಿಸಿದ ಮೇಲೆ

ಸೋಮವಾರ, ಬೆಳಗ್ಗೆ

ನನ್ನ ಹೊಟ್ಟೆ ತಣ್ಣಗಿಟ್ಟ ಮಗಳಿಗೆ, ಹೆತ್ತವಳ ಆಶೀರ್ವಾದ. ದೇವರು ನಿನ್ನನ್ನೂ ಮಗುವನ್ನೂ ನೂರು ಕಾಲ ನಗಿಸುತ್ತಿರಲಿ.

ಇವತ್ತು ನನಗೆ ಉಪವಾಸ. ಎದ್ದು ಮನೆ ಗುಡಿಸಿ, ನೀರು ಹಿಡಿದಿಟ್ಟು, ದೀಪ ಹಚ್ಚಿ, ನಿಮ್ಮಪ್ಪನಿಗೆ ಬುತ್ತಿ ಕಟ್ಟಿಕೊಟ್ಟು ಗ್ಯಾರೇಜಿಗೆ ಕಳಿಸಿದೆ. ಇಸ್ತ್ರಿಗೆ ಬಂದ ಬಟ್ಟೆಗೆಲ್ಲ ನೀರು ಚಿಮುಕಿಸಿ ಸುತ್ತಿಟ್ಟು ಈಗ ಕಾಗದ ಹಿಡಿದು ಕೂತಿದ್ದೇನೆ. ಸೋಮವಾರ ಅಮ್ಮನ ಉಪವಾಸದ ವಾರವೇ ಅಲ್ಲವಲ್ಲ ಎಂದು ನೀನು ಹುಬ್ಬೇರಿಸುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ದೇವರ ಮುಂದೆ ನಿಂತು ನಿನಗೆ ಕೊಟ್ಟ ಮಾತನ್ನು ನಾನು ಮುರಿದೆ ಕಣೇ. ಅದಕ್ಕೆ ಹೊಟ್ಟೆ ಕಟ್ಟಿದ್ದೇನೆ. ಮುರಿದದ್ದಕ್ಕೆ ದುಃಖವಿದೆಯೇ ಎಂದು ಮಾತ್ರ ಕೇಳಬೇಡ. ದೇವರ ಎದುರು ಸುಳ್ಳು ಹೇಳಿದ ಪಾಪವೂ ಸೇರಿಕೊಳ್ಳುತ್ತದೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆದ ಕೂಡಲೇ ನೀನು ‘ಎಲ್ಲರೂ ಇಲ್ಲೇ ಇದಾರಮ್ಮ, ಆಮೇಲೆ ಮಾಡ್ತೀನಿ’ ಅಂತ ಇಟ್ಟುಬಿಡುತ್ತೀಯ. ನಿನ್ನ ಆ ‘ಆಮೇಲೆ’ ಎಂಬುದು ಸಾಲಗಾರನ ‘ನಾಳೆ’ಯ ಹಾಗೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬೀದಿಯ ಆರೋಗ್ಯ ಕೇಂದ್ರದಲ್ಲಿ ಮನಸ್ಸಿನ ಕಾಯಿಲೆಗೆ ಒಂದು ಕೋಣೆ ತೆರೆದಿದ್ದು, ಅದನ್ನು ನಡೆಸುವುದರಲ್ಲಿ ಊರಿನವರಿಗೂ ಮಾತಿರಲಿ ಎಂದು ಸಮಿತಿ ಮಾಡಿದ್ದು ನಿನಗೆ ಗೊತ್ತೇ ಇದೆ. ನನ್ನನ್ನೂ ಸೇರು ಎಂದಾಗ ನೀನು ಮಗುವನ್ನು ಕಂಕುಳಲ್ಲಿ ಹೊತ್ತು ಓಡಿಬಂದಿದ್ದೆ. ‘ಬೀದಿ ಹೆಂಗಸಾಗಿ ಕೂತ್ಕೋಮ್ಮ, ಕಾಯಿಲೆ ಆಗಿದ್ದೋಳು ಅಂತ ಕೂತ್ಕೋಬೇಡ. ಅತ್ತೆಗೆ ಗೊತ್ತಾದ್ರೆ ಮುಗೀತು. ನಾನು ಒಂದು ದಿನ ಮಂಕಾಗಿದ್ರೂ ತಾಯಿ ಬುದ್ಧಿ ಬಂತು ಅಂತಾರೆ’ ಎಂದು ಕಣ್ಣೀರು ಹಾಕಿದ್ದೆ. ನಾನು ದೊಡ್ಡಾಸ್ಪತ್ರೆಯಲ್ಲಿದ್ದ ಕಾಲಕ್ಕೆ ನಿನ್ನ ಮದುವೆಯ ಮಾತುಕತೆಯಲ್ಲಿ ಟೈಫಾಯಿಡ್ ಎಂಬ ಹೆಸರಿಟ್ಟಿದ್ದೆವಲ್ಲ, ಆ ಹೆಸರೇ ಇರಲಿ ಎಂದು ನೀನು ಬೇಡಿಕೊಂಡೆ. ನಾನು ದೀಪ ಮುಟ್ಟಿ ಒಪ್ಪಿದೆ.

ಸಮಿತಿಯಲ್ಲಿ ಒಂದು ಕುರ್ಚಿ ಈ ಕಾಯಿಲೆಯನ್ನು ಅನುಭವಿಸಿದವರಿಗೆಂದೇ ಇಟ್ಟಿದ್ದರು. ಅದರಲ್ಲಿ ಒಬ್ಬರೂ ಕೂರಲಿಲ್ಲ. ಗುಮಾಸ್ತ ಪ್ರತಿ ಸಭೆಯಲ್ಲೂ ಅದರ ಮೇಲೆ ತನ್ನ ಹೆಲ್ಮೆಟ್ ಇಡುತ್ತಿದ್ದ. ನಾನು ಅದರ ಎದುರಿಗೇ, ಬೀದಿ ಹೆಂಗಸರ ಸಾಲಿನಲ್ಲಿ ಕೂತು, ಆ ಹೆಲ್ಮೆಟ್ಟಿನ ಮುಖ ನೋಡುತ್ತಿದ್ದೆ.

ಮೊದಲ ಸಭೆಯಲ್ಲೇ ನಾವೆಲ್ಲ ಸೇರಿ ಒಂದು ಘನಂದಾರಿ ಕೆಲಸ ಮಾಡಿದೆವು. ಬರುವವರಿಗೆ ಮುಜುಗರವಾಗಬಾರದು, ಅವರ ಮಾನ ಕಾಪಾಡಬೇಕು ಎಂದು ಕೇಂದ್ರದ ಹಿಂಗೋಡೆ ಒಡೆಸಿ ಬೇರೆಯೇ ಬಾಗಿಲು ಇಡಿಸಿದೆವು. ಮೇಲಿನ ಆಫೀಸರಂತೂ ಬೆನ್ನು ತಟ್ಟಿದರು. ಯಾರಿಗೂ ಹೊಳೆಯಲಿಲ್ಲ ನೋಡು. ಮುಂಬಾಗಿಲಲ್ಲಿ ಜ್ವರದವರು ಬರುತ್ತಾರೆ, ಚುಚ್ಚುಮದ್ದಿಗೆ ಕೂಸುಗಳು ಬರುತ್ತವೆ, ಕಾಲು ಉಳುಕಿದವರು ಬರುತ್ತಾರೆ. ಯಾರು ಯಾತಕ್ಕೆ ಬಂದರೆಂದು ಯಾರ ಹಣೆಯ ಮೇಲೂ ಬರೆದಿರುವುದಿಲ್ಲ. ಹಿಂದಿನ ಓಣಿಗೆ ಕಾಲಿಟ್ಟವರು ಮಾತ್ರ ಆ ಒಂದಕ್ಕೇ ಬಂದವರು! ಓಣಿಯ ಮಕ್ಕಳು ಅದಕ್ಕೆ ‘ಸ್ಕ್ರೂ ಬಾಗಿಲು’ ಎಂದು ಹೆಸರಿಟ್ಟರು. ಎದುರು ಮನೆಯವರು ಸಂತೆಗೆ ಕೂತಂತೆ ಜಗಲಿಯಲ್ಲಿ ಕೂರತೊಡಗಿದರು. ನಮ್ಮ ಹಾಲಿನಕ್ಕ ಹೇಳಿದ ಹಾಗೆ, ‘ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದಂಗಾಯ್ತು. ನಮಗೆ ಕಾಣ್ಲಿಲ್ಲ, ಊರಿಗೆಲ್ಲ ಕಾಣ್ತು.’

ಬರುವವರು ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು. ಮೂಲೆಯಂಗಡಿ ದರ್ಜಿ ನಿನಗೆ ನೆನಪಿರಬೇಕು, ನಿನ್ನ ಶಾಲೆಯ ಲಂಗ ಹೊಲಿದವನು. ಅವನೂ ಬರುತ್ತಿದ್ದವನು, ಈಗ ಅದನ್ನು ಅವನೇ ಮುಚ್ಚಿಡುವುದಿಲ್ಲ. ಯಾರೋ ಓಣಿಯಲ್ಲಿ ನಕ್ಕರಂತೆ, ಮಾತ್ರೆಯನ್ನೇ ಬಿಟ್ಟ. ಇಸ್ತ್ರಿಗೆ ಅಂಗಿಗಳನ್ನು ತರಲು ಹೋದಾಗ ನೋಡಿದೆ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ, ಬಟ್ಟೆ ಸೂಜಿಯ ಕೆಳಗಿತ್ತು, ಕಾಲು ತುಳಿಯುತ್ತಿರಲಿಲ್ಲ. ಅವನ ಕಣ್ಣು ಗೋಡೆಯ ಮೇಲಿತ್ತು, ಆದರೆ ಗೋಡೆಯನ್ನು ನೋಡುತ್ತಿರಲಿಲ್ಲ. ಆ ನೋಟ ನನಗೆ ಗೊತ್ತು ಮಗಳೇ. ನಿನ್ನ ತಲೆ ಬಾಚಲು ಕೂತು, ಬಾಚಣಿಗೆ ಕೂದಲಲ್ಲೇ ಬಿಟ್ಟು ನಾನು ನೋಡುತ್ತಿದ್ದ ನೋಟ ಅದು. ಆಗ ನೀನೇ ಜಡೆ ಹಾಕಿಕೊಳ್ಳುವುದನ್ನು ಕಲಿತೆ.

ಕಳೆದ ಶುಕ್ರವಾರದ ಸಭೆ ಊರಿಗೆಲ್ಲ ತೆರೆದದ್ದು, ಯಾರು ಬೇಕಾದರೂ ಬರಬಹುದಿತ್ತು. ಶಾಲೆಯ ತರಗತಿಯಷ್ಟು ದೊಡ್ಡ ಕೋಣೆ, ಬೆಂಚು ಸಾಲದೆ ಕಿಟಕಿಗೆ ಆತುಕೊಂಡು ನಿಂತಿದ್ದರು. ಹಿಂಬಾಗಿಲು ಮುಚ್ಚಿಸಿ, ಎಲ್ಲರೂ ಮುಂದಿನಿಂದಲೇ ಬರಲಿ, ಕೂಲಿಗೆ ಹೋಗುವವರಿಗಾಗಿ ಸಂಜೆಯೂ ತೆರೆಯಿರಿ ಎಂದು ನಾವು ಕೇಳಿದೆವು. ಡಾಕ್ಟರಮ್ಮ ಒಳ್ಳೆಯ ಹುಡುಗಿ, ಹೂಂ ಎಂದು ತಲೆಯಾಡಿಸಿದಳು. ಆಫೀಸರು ಪೆನ್ನಿನ ಮುಚ್ಚಳ ಹಾಕಿದರು. ‘ನಿಮ್ಮ ಸಲಹೆ ಮೇಲಕ್ಕೆ ತಿಳಿಸ್ತೀವಿ’ ಎಂದರು. ಸಲಹೆಯಲ್ಲ, ತೀರ್ಮಾನ ಎಂದು ನಮ್ಮ ನಿವೃತ್ತ ಮೇಷ್ಟ್ರು ಹೇಳಿದ್ದಕ್ಕೆ, ‘ತೀರ್ಮಾನ ಮಾಡೋಕೆ ಕಾಯಿಲೆ ಕಂಡೋರು ಒಬ್ಬರಾದ್ರೂ ಸಮಿತೀಲಿ ಇರಬೇಕು ಅಂತ ನಿಯಮ ಇದೆ ಮೇಷ್ಟ್ರೇ. ಆ ಕುರ್ಚಿ ಖಾಲಿ. ಅವರಿಗೇ ಬೇಡವಾದ್ರೆ ನಾವೇನು ಮಾಡೋಣ?’ ಎಂದು ನಕ್ಕರು. ಹಿಂಬಾಗಿಲು ಇಡಿಸಿದಾಗ ಈ ನಿಯಮ ಯಾರಿಗೂ ನೆನಪಾಗಿರಲಿಲ್ಲ. ಕೆಟ್ಟವರಲ್ಲ ಪಾಪ, ಊಟದ ಹೊತ್ತು ಮೀರಿತ್ತು.

‘ಅವರಿಗೇ ಬೇಡ’ ಎಂಬ ಮಾತು ನನ್ನ ಎದೆಗೆ ಬಿತ್ತು. ನಿನ್ನ ಮುಖ ಕಣ್ಣ ಮುಂದೆ ಬಂತು, ಸುಳ್ಳಲ್ಲ. ದರ್ಜಿಯ ಮುಖವೂ ಬಂತು. ದೇವರೇ, ಒಂದು ಮುಖವನ್ನು ಸ್ವಲ್ಪ ಅತ್ತ ಸರಿಸು ಎಂದು ಬೇಡಿಕೊಂಡೆ. ಅವನು ಯಾವುದನ್ನೂ ಸರಿಸಲಿಲ್ಲ, ನನ್ನನ್ನೇ ಎಬ್ಬಿಸಿದ. ನಡೆದುಹೋಗಿ ಹೆಲ್ಮೆಟ್ ತೆಗೆದು ಗುಮಾಸ್ತನ ಮಡಿಲಲ್ಲಿಟ್ಟು ಆ ಕುರ್ಚಿಯಲ್ಲಿ ಕೂತೆ.

‘ಏನಮ್ಮಾ, ಅದು ನಿಮ್ಮ ಜಾಗ ಅಲ್ಲ’ ಎಂದರು ಆಫೀಸರು.

‘ನನ್ನದೇ ಸ್ವಾಮಿ. ಇಷ್ಟು ದಿನ ಬೇರೆಯವರ ಜಾಗದಲ್ಲಿ ಕೂತಿದ್ದೆ’ ಎಂದೆ.

ಆಮೇಲೆ ಹೇಳಿದೆ. ದೊಡ್ಡಾಸ್ಪತ್ರೆಯ ವಿಷಯ, ಇವತ್ತಿಗೂ ಮಲಗುವಾಗ ನುಂಗುವ ಮಾತ್ರೆಯ ವಿಷಯ, ಅಲ್ಲಿ ನನ್ನ ಮೈಗೆ ದೊಗಳೆಯಾದ ಬಟ್ಟೆ ಕೊಟ್ಟಾಗ ಯಾರನ್ನು ಕೇಳಬೇಕೆಂದು ತಿಳಿಯದೆ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದ್ದು. ಆಗ ಯಾರೂ ನನ್ನನ್ನು ಏನು ಬೇಕು ಎಂದು ಕೇಳಿರಲಿಲ್ಲ, ಈಗ ಕೇಳುವ ಕುರ್ಚಿಯೊಂದು ಸಿಕ್ಕಿದೆ, ಅದನ್ನು ಹೆಲ್ಮೆಟ್ಟಿಗೆ ಬಿಟ್ಟುಕೊಡಲಾರೆ ಎಂದೆ. ನನ್ನ ದನಿ ನಡುಗಲಿಲ್ಲ ಕಣೇ.

ಕಿಟಕಿಯ ಹತ್ತಿರ ಯಾವನೋ ‘ಓಹೋ, ಹುಚ್ಚಿ ಕೈಲಿ ನಮ್ಮ ಬಟ್ಟೆ ಕೊಟ್ಟಿದ್ವಾ’ ಎಂದ. ಹಾಲಿನಕ್ಕ ತಿರುಗಿದಳು. ‘ಹೂಂ ಕಣೋ, ಆ ಹುಚ್ಚಿ ಕೂರಿಸಿದ ಗೆರೆ ನಿನ್ನ ಅಂಗಿ ಮೇಲೆ ನೆಟ್ಟಗಿದೆ. ನಿನ್ನ ನಾಲಿಗೆನೂ ಕೊಡು, ಇಸ್ತ್ರಿ ಮಾಡಿಸಿಕೊಡ್ತೀನಿ’ ಎಂದಳು. ಜನ ನಕ್ಕ ನಗುವಿಗೆ ಆಫೀಸರೂ ನಕ್ಕರು. ನಗುತ್ತಲೇ ಪೆನ್ನಿನ ಮುಚ್ಚಳ ತೆಗೆದರು. ಕೈ ಎತ್ತಿಸಿದರು. ನನ್ನ ಕೈಯೇ ಮೊದಲು ಮೇಲಿತ್ತು. ತೀರ್ಮಾನವಾಯಿತು.

ಶನಿವಾರವೇ ಗಾರೆಯವನು ಬಂದು ಆ ಬಾಗಿಲಿಗೆ ಇಟ್ಟಿಗೆ ಕಟ್ಟಿದ. ಸಂಜೆಯ ಸರದಿ ಇವತ್ತಿನಿಂದ ಶುರು. ಬಂದವರಿಗೆ ಭಯವಾಗದಂತೆ ಮುಂದಿನ ಬೆಂಚಿನಲ್ಲಿ ಸಮಿತಿಯವರು ಒಬ್ಬರು ಕೂರಬೇಕೆಂದು ಗೊತ್ತುಮಾಡಿದ್ದೇವೆ. ಮೊದಲ ದಿನ ನಾನೇ ಕೂರುತ್ತೇನೆ. ನಿನ್ನೆ ದರ್ಜಿಯ ಅಂಗಡಿಗೆ ಹೋಗಿ ‘ನಾಳೆ ಬಾರಪ್ಪ, ಪಕ್ಕದಲ್ಲಿ ನಾನಿರ್ತೀನಿ’ ಎಂದೆ. ಅವನು ನನ್ನ ಮುಖ ನೋಡಿ, ಸೂಜಿಗೆ ದಾರ ಪೋಣಿಸತೊಡಗಿದ.

ಎರಡು ಮನೆಯವರು ಬಟ್ಟೆ ಕೊಡುವುದನ್ನು ನಿಲ್ಲಿಸಿದ್ದಾರೆ. ನಿಮ್ಮಪ್ಪನಿಗೆ ಹೇಳಿದರೆ, ‘ನಿನ್ನ ಸೊಂಟ ಉಳೀತು ಬಿಡು’ ಎಂದು ಊಟ ಮುಂದುವರಿಸಿದರು. ಆದರೆ ಮಲಗುವ ಮುಂಚೆ, ‘ಆ ಕುರ್ಚಿಗೆ ಕೈಯಿದ್ಯಾ, ಬರೀ ಬೆನ್ನಾ?’ ಎಂದು ಕೇಳಿದರು. ಮಂತ್ರಿಯ ಹೆಂಡತಿಯನ್ನು ನೋಡಿದ ಹಾಗೆ ನನ್ನನ್ನು ನೋಡುತ್ತಿದ್ದಾರೆ. ನನಗೂ, ದೇವರು ಕ್ಷಮಿಸಲಿ, ಸ್ವಲ್ಪ ಹಾಗೇ ಅನ್ನಿಸುತ್ತಿದೆ.

ಊರ ಸುದ್ದಿ ಇಷ್ಟು ಹೊತ್ತಿಗೆ ಬಸ್ಸು ಹತ್ತಿ ನಿನ್ನೂರಿಗೆ ಇಳಿದಿರಬೇಕು. ನಿಮ್ಮತ್ತೆ ಏನೆಂದರೋ, ನೀನು ಎಷ್ಟು ಅತ್ತೆಯೋ. ನನ್ನಿಂದ ನಿನಗೆ ಮಾತು ಬಂದಿದ್ದರೆ ಬೈದು ಬರೆ, ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಅಮ್ಮನಿಗೆ ಟೈಫಾಯಿಡ್ ಎಂದು ಮಾತ್ರ ಇನ್ನು ಹೇಳಬೇಡ. ಮನೆಗೆ ಬಂದವರಿಗೆ ‘ನಮ್ಮಮ್ಮ ಆ ಕೇಂದ್ರ ನಡೆಸೋರಲ್ಲಿ ಒಬ್ಬರು’ ಎಂದು ನೀನೇ ಹೇಳುವ ದಿನ ಬರಲಿ.

ಕಾಯುತ್ತಾ,
ನಿನ್ನ ಅಮ್ಮ

ಇನ್ನೊಂದು ಮಾತು, ಅದೇ ದಿನ ರಾತ್ರಿ, ಉಪವಾಸ ಬಿಡುವ ಮುಂಚೆ: ಸಂಜೆ ಬೆಂಚಿನಲ್ಲಿ ಕೂತಿದ್ದೆ. ದರ್ಜಿ ಬಂದ, ಮುಂಬಾಗಿಲಿನಿಂದಲೇ. ಅವನ ಹಿಂದೆ ಬಂದವರು ಯಾರು ಗೊತ್ತೇ? ನಿಮ್ಮತ್ತೆ. ಜಗಳಕ್ಕೇ ಬಂದರೆಂದು ಎದ್ದು ನಿಂತೆ. ಅವರು ನನ್ನ ಕೈ ಹಿಡಿದು ಕೂರಿಸಿ ಪಕ್ಕದಲ್ಲಿ ಕೂತರು. ‘ನೀವು ಆ ಕುರ್ಚೀಲಿ ಕೂತಿದ್ದು ಕೇಳ್ದೆ ಬೀಗಿತ್ತೀ. ಅದಕ್ಕೇ ಬಂದೆ. ತಿಂಗಳುಗಟ್ಟಲೆ ನಿದ್ದೆ ಇಲ್ಲ, ಎದೆ ಸುಮ್ಮಸುಮ್ಮನೆ ಹೊಡ್ಕೊಳ್ಳುತ್ತೆ. ಸೊಸೆಗೆ ಗೊತ್ತಾದ್ರೆ ಮಗೂನ ನನ್ನ ತೊಡೆ ಮೇಲೆ ಬಿಡ್ತಾಳೋ ಇಲ್ವೋ ಅಂತ ಬಾಯಿ ಕಟ್ಕೊಂಡಿದ್ದೆ’ ಎಂದರು. ಇಷ್ಟನ್ನೂ ನಿನಗೆ ಬರೆಯಿರಿ ಎಂದು ಅವರೇ ಹೇಳಿದ್ದಾರೆ, ಎದುರಿಗೆ ಹೇಳಲು ಬಾಯಿ ಬರುವುದಿಲ್ಲವಂತೆ. ಇವತ್ತು ನಮ್ಮಲ್ಲೇ ಉಳಿದಿದ್ದಾರೆ, ನಿಮ್ಮಪ್ಪನಿಗೆ ಬಡಿಸುತ್ತಿದ್ದಾರೆ. ಈ ಕಾಗದ ನಾಳೆ ಅವರ ಕೈಯಿಂದಲೇ ನಿನಗೆ ಬರುತ್ತದೆ. ಓದಿದ ಮೇಲೆ ಮಗುವನ್ನು ಎತ್ತಿ ಅವರ ಮಡಿಲಲ್ಲಿ ಹಾಕು, ಮಾತು ಬೇಡ. ಮುಂದಿನ ಸೋಮವಾರ ಅವರು ಮತ್ತೆ ಬರಬೇಕು. ನಿನ್ನ ಉತ್ತರವನ್ನು ಅವರ ಕೈಯಲ್ಲೇ ಕೊಟ್ಟು ಕಳಿಸು, ಅವರೇ ನನಗೆ ತಂದುಕೊಡಲಿ.